ಓದದೆ ಬಿಟ್ಟ ಒಂದು ಹಾಳೆ

ಆ ವರ್ಷದ ಮೇ ತಿಂಗಳಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಗೋವೆಯ ಮ್ಹಾಪಸಾ ಮಾರ್ಕೆಟ್ಟಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಖಣ, ಇಳಕಲ್ ಸೀರೆ, ಟಾವೆಲ್ಲು, ಲಂಗದ ಬಟ್ಟೆ ಮಾರುತ್ತೇವೆ. ಅಜ್ಜ ಬೆಳಗಾವಿಯಿಂದ ಬಂದು ಹಾಕಿದ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅವ್ವನೇ ನಡೆಸುತ್ತಾಳೆ. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುದಿನವೇ ಅವಳು ಅಂಗಡಿಗೆ ಹೊರಟು ನಿಂತಳು.

"ಕೈ ಮುರದೈತಿ, ಬಾಯಿ ಮುರದಿಲ್ಲ. ನೀ ಬಟ್ಟಿ ಹರಿ, ನಾ ಮಾತಾಡ್ತೀನಿ," ಅಂದಳು.

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಬೇಸಿಗೆ ರಜೆ ಇತ್ತು. ಹೀಗಾಗಿ ಆ ಒಂದು ತಿಂಗಳು ಗಜಕೋಲು, ಕತ್ತರಿ ನನ್ನ ಕೈಗೆ ಬಂದವು.

ನಮ್ಮ ಕಡೆಯ ಅಂಗಡಿಗಳೆಲ್ಲ ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕಕ್ಕೆ ತೆರೆಯುತ್ತವೆ. ಗೋವೆಯಲ್ಲಿ ಆ ಮೂರು ತಾಸು ಯಾರನ್ನೂ ಎಬ್ಬಿಸಬಾರದು. ಬೇರೆ ದಿನವಾಗಿದ್ದರೆ ಅವ್ವ ಮನೆಗೆ ಹೋಗಿ ಉಂಡು ಮಲಗಿ ಬರುತ್ತಿದ್ದಳು. ಈಗ ಆ ಬಿಸಿಲಲ್ಲಿ, ಆ ಕೈ ಹೊತ್ತುಕೊಂಡು, ಮನೆಯ ಮೆಟ್ಟಿಲು ಎರಡು ಸಲ ಹತ್ತಿಳಿಯುವುದು ಆಗದು. ಶಟರ್ ಅರ್ಧಕ್ಕೆ ಎಳೆದು, ಬುತ್ತಿ ಬಿಚ್ಚಿ ಉಂಡು, ಅಂಗಡಿಯ ಗಾದಿಯ ಮೇಲೆ ಅಡ್ಡಾಗುವುದೆಂದು ಗೊತ್ತಾಯಿತು. ಅವ್ವನಿಗೆ ನಿದ್ದೆ ಬರಲಿಲ್ಲ. ಪ್ಲಾಸ್ಟರ್ ಒಳಗೆ ತುರಿಸುತ್ತಿತ್ತು. ಎರಡನೆಯ ದಿನವೇ, "ಏನರೆ ಹೇಳು, ಇಲ್ಲಾಂದ್ರ ನಾ ಹುಚ್ಚಿ ಆಗ್ತೀನಿ," ಅಂದಳು.

ನನ್ನ ಚೀಲದಲ್ಲಿ ಲೈಬ್ರರಿಯಿಂದ ತಂದ ಒಂದು ಕಾದಂಬರಿ ಇತ್ತು. ಇಂಗ್ಲಿಷಿನದು. ಅದು ನನ್ನ ಕೈಗೆ ಹೇಗೆ ಸಿಕ್ಕಿತೆಂದು ಮೊದಲು ಹೇಳಬೇಕು.

ನಾನು ಓದಿದ್ದು ಇಲ್ಲಿಯ ಕಾನ್ವೆಂಟಿನಲ್ಲಿ. ಚಿಕ್ಕಂದಿನಿಂದ ಓದಿದ ಇಂಗ್ಲಿಷ್ ಕತೆಗಳಲ್ಲಿ ಹಿಮ ಬೀಳುತ್ತಿತ್ತು, ಮಕ್ಕಳು ಬುಟ್ಟಿಯಲ್ಲಿ ತಿಂಡಿ ಕಟ್ಟಿಕೊಂಡು ನದಿಯ ದಂಡೆಗೆ ಹೋಗುತ್ತಿದ್ದರು. ದೊಡ್ಡವಳಾದ ಮೇಲೆ ಗೋವೆಯ ಬಗ್ಗೆ ಬರೆದ ಇಂಗ್ಲಿಷ್ ಕಾದಂಬರಿಗಳೂ ಸಿಕ್ಕವು. ಊರು ನಮ್ಮದೇ, ಮಳೆ ನಮ್ಮದೇ, ಬಸ್ ಸ್ಟ್ಯಾಂಡ್ ಸಹ ನಮ್ಮದೇ. ಆದರೆ ಆ ಪುಸ್ತಕಗಳಲ್ಲಿ ನಮ್ಮಂಥವರು ಎಲ್ಲೋ ಒಂದು ಸಾಲಿನಲ್ಲಿ ಬುಟ್ಟಿ ಹೊತ್ತುಕೊಂಡು ಹಾದುಹೋಗುತ್ತಿದ್ದರು. "ಘಟ್ಟದ ಮೇಲಿನಿಂದ ಬಂದ ಕೂಲಿಯವರು", "ಕಾಯಿಪಲ್ಲೆ ಮಾರುವ ಘಾಟಿ ಹೆಂಗಸು" ಅಂತ. ಘಾಟಿ ಅಂದರೆ ಘಟ್ಟದವರನ್ನು ಇಲ್ಲಿಯವರು ಹಳಿಯುವ ಹೆಸರು. ನನಗೆ ಅದರಿಂದ ದುಃಖವೇನೂ ಆಗಿರಲಿಲ್ಲ. ಪುಸ್ತಕದಲ್ಲಿ ಇರುವುದಕ್ಕೆ ಬೇರೆ ತರಹದ ಜನ ಬೇಕು ಅಂತಲೇ ನಾನು ತಿಳಿದುಕೊಂಡಿದ್ದೆ.

ಈ ಕಾದಂಬರಿಯನ್ನು ನಾನು ಆರಿಸಿದ್ದು ಹೊದಿಕೆಯ ಮೇಲೆ ಖಣದ ಅಂಚಿನ ಚಿತ್ರ ಇತ್ತೆಂದು. ನಾಕು ಹಾಳೆ ತಿರುವಿದೆ. ಒಬ್ಬ ಮುದುಕಿ ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾಳೆ. ಡಬ್ಬಿ ಬರಿದಾಗಿದೆ. ಸೊಸೆಗೆ ಹೇಳುತ್ತಾಳೆ, "ದಿ ರೈಸ್ ಹ್ಯಾಸ್ ಇಂಕ್ರೀಸ್ಡ್."

ಲೈಬ್ರರಿಯಲ್ಲಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕದ ಮೇಲಿನಿಂದ ನೋಡಿದರು. ಅವರಿಗೆ ಹೇಗೆ ಹೇಳಲಿ? ನಮ್ಮ ಮನೆಯಲ್ಲಿ ಅಕ್ಕಿ ತೀರಿತು ಅನ್ನುವಂತಿಲ್ಲ. ತೀರುವುದು ಅಪಶಕುನ. ಹೆಚ್ಚಿತು ಅನ್ನಬೇಕು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಇದನ್ನು ನನಗೆ ತಲೆಗೆ ಮೊಟಕಿ ಕಲಿಸಿದ್ದಳು. ಕಾದಂಬರಿ ಬರೆದಾಕೆ ಒಂದು ಮಾತಿನ ವಿವರಣೆಯನ್ನೂ ಕೊಟ್ಟಿರಲಿಲ್ಲ. ತಿಳಿದವರಿಗೆ ತಿಳಿಯಲಿ, ಇಲ್ಲದವರು ಹಾಗೇ ಮುಂದೆ ಹೋಗಲಿ ಅಂತ ಬಿಟ್ಟಿದ್ದಳು. ಜೀವನದಲ್ಲಿ ಮೊದಲ ಸಲ ಒಂದು ಇಂಗ್ಲಿಷ್ ಪುಸ್ತಕದಲ್ಲಿ ನಾನು ಒಳಗಿನವಳಾಗಿದ್ದೆ.

ಅಂಗಡಿಯಲ್ಲಿ ಅದನ್ನೇ ತೆಗೆದು ಅವ್ವನಿಗೆ ಹೇಳಲು ಶುರು ಮಾಡಿದೆ. ಕಣ್ಣು ಇಂಗ್ಲಿಷಿನ ಮೇಲೆ, ಬಾಯಲ್ಲಿ ಕನ್ನಡ. ಬೆಳಗಾವಿ ಕಡೆಯ ಒಂದು ವ್ಯಾಪಾರಿ ಮನೆತನ ಸಮುದ್ರದ ದಂಡೆಯ ಊರಿಗೆ ಬಂದು ಅಂಗಡಿ ಇಟ್ಟ ಕತೆ. ಅಜ್ಜಿ, ಸೊಸೆ, ಒಬ್ಬ ಸಣ್ಣ ಹುಡುಗಿ. ಅಕ್ಕಿಯ ಡಬ್ಬಿಗೆ ಬಂದಾಗ ನಾನು, "ಅಕ್ಕಿ ಹೆಚ್ಚ್ಯಾವು," ಅಂದೆ.

ಅವ್ವ ಎದ್ದು ಕೂತಳು. "ಇಂಗ್ಲಿಷಿನ್ಯಾಗ ಹಂಗ ಬರದಾಳೇನು?"

"ಹಂಗ ಬರದಾಳ."

"ಆಕಿ ನಮ್ಮ ಮನಿಗೆ ಯಾವಾಗ ಬಂದಿದ್ದಳು?"

ಆಗ ಶಟರ್ ಕೆಳಗೆ ಬಗ್ಗಿ ಮಾವಶಿ ಒಳಗೆ ಬಂದಳು. ಮಾವಶಿ ಅಂದರೆ ನಮ್ಮ ಅಂಗಡಿಯ ಕಸ ಹೊಡೆದು, ನೆಲ ಒರೆಸಿ, ನೀರು ತುಂಬಿಡುವವಳು. ವಿಜಯಪುರದ ಕಡೆಯವಳು. ಮೊದಲು ಗೋವೆಯಲ್ಲೇ ಚಿಂಬಲ್‌ನಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳಂತೆ. ಬೆನ್ನು ಹಿಡಿದ ಮೇಲೆ ಬುಟ್ಟಿ ಹೊರುವುದನ್ನು ಬಿಟ್ಟು ಮ್ಹಾಪಸಾಕ್ಕೆ ಬಂದು ನಾಕಾರು ಅಂಗಡಿಗಳ ಕೆಲಸ ಹಿಡಿದಿದ್ದಳು. ನಮ್ಮಲ್ಲಿಗೆ ಬರಲು ಹತ್ತಿ ಎಷ್ಟೋ ವರ್ಷಗಳಾಗಿದ್ದವು. ತಾಯಿಯ ತಂಗಿಯನ್ನು ಕರೆಯುವ ಹೆಸರಿನಿಂದ ನಾವು ಅವಳನ್ನು ಕರೆಯುತ್ತಿದ್ದೆವು. ಅವಳು ಅವ್ವನಿಗೆ "ಅಕ್ಕಾರ" ಅನ್ನುತ್ತಿದ್ದಳು, ನನಗೆ "ತಂಗೆವ್ವ".

"ಏನ್ ಓದಾಕತ್ತೀರಿ?" ಅಂತ ಕೇಳಿ ಬಾಗಿಲ ಹತ್ತಿರ ಕೂತಳು. ಅಂದು ಕೂತವಳು ದಿನಾ ಕೂರಹತ್ತಿದಳು.

ಆ ಮಧ್ಯಾಹ್ನಗಳು ಎಷ್ಟು ಚೆನ್ನಾಗಿದ್ದವು ಅಂತ ಹೇಳಲು ನನಗೆ ಬರುವುದಿಲ್ಲ. ಹೊರಗೆ ಮಾರ್ಕೆಟ್ಟು ಮಲಗಿರುತ್ತಿತ್ತು. ಅರ್ಧ ಶಟರಿನ ಕೆಳಗಿನಿಂದ ಬಿಸಿಲಿನ ಒಂದು ಪಟ್ಟಿ ಒಳಗೆ ಬಂದು ಸೀರೆಗಳ ಕಪಾಟಿನ ಬುಡದವರೆಗೆ ಸರಿಯುತ್ತಿತ್ತು. ನಾನು ಓದುತ್ತ ಹೇಳುತ್ತಿದ್ದೆ, ಅವರಿಬ್ಬರೂ ಸಾಲುಸಾಲಿಗೆ ತಕರಾರು ತೆಗೆಯುತ್ತಿದ್ದರು. ಕಾದಂಬರಿಯ ಅಜ್ಜಿ ಸೊಸೆಯ ಮೇಲೆ ಸಿಟ್ಟಾಗುವ ಕಡೆ ನಾನು, "ನಿನಗ ಬುದ್ಧಿ ಇಲ್ಲ ಅಂದಳು," ಅಂದೆ.

"ಹಂಗ ಅಂದಿರೂದಿಲ್ಲ ಆಕಿ," ಅಂದಳು ಅವ್ವ. "'ನಿನ್ನ ತಲ್ಯಾಗ ಏನ್ ಐತಿ, ಸಗಣಿ?' ಅಂದಿರತಾಳ. ಬರದಾಕಿ ಇಂಗ್ಲಿಷಿನವರ ಮುಂದ ಮನಿ ಮರ್ಯಾದಿ ಕಾದಾಳ."

"ಖರೇ ನೋಡ್ರಿ," ಅಂದಳು ಮಾವಶಿ. "ಅತ್ತಿ ಅನ್ನಾಕಿ ಅಷ್ಟ ಮೆತ್ತಗ ಯಾಕ ಮಾತಾಡ್ತಾಳ?"

ನಾನು ಇಂಗ್ಲಿಷಿನ ವಾಕ್ಯವನ್ನು ಮತ್ತೆ ನೋಡಿದೆ. ಅವ್ವ ಹೇಳಿದ್ದೇ ಸರಿ ಅನ್ನಿಸಿತು. ಬರೆದಾಕೆಯ ಕಿವಿಯಲ್ಲಿ ಮೊದಲು ಬಿದ್ದದ್ದು ಆ ಕನ್ನಡದ ಮಾತೇ ಇರಬೇಕು. ಅದನ್ನು ತೊಳೆದು, ಇಸ್ತ್ರಿ ಮಾಡಿ ಇಂಗ್ಲಿಷಿಗೆ ಕಳಿಸಿದ್ದಾಳೆ. ಅವ್ವ ಅದನ್ನು ಮತ್ತೆ ಮೊದಲಿನ ಹಾಗೆ ಮುದುಡಿ ಕೈಗೆ ಕೊಡುತ್ತಿದ್ದಳು. ಹೀಗೆ ದಿನಕ್ಕೆ ಹತ್ತು ಸಲ ಆಗುತ್ತಿತ್ತು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ ಆ ಪುಸ್ತಕವನ್ನು ಕಲಿಸಿಕೊಟ್ಟಳು.

ಬರೆದಾಕೆ ಒಂದು ಕಡೆ ತಪ್ಪಿದ್ದೂ ಸಿಕ್ಕಿತು. ಹಬ್ಬದ ದಿನ ಸೊಸೆ ಶೇಂಗಾ ಹೋಳಿಗೆ ಮಾಡುವಾಗ ಹೂರಣಕ್ಕೆ ತೆಂಗಿನ ತುರಿ ಸೇರಿಸುತ್ತಾಳೆ.

"ಶೇಂಗಾ ಹೋಳಿಗಿಗೆ ತೆಂಗಿನಕಾಯಿ!" ಅವ್ವ ಹಣೆಗೆ ಕೈ ಹಚ್ಚಲು ಹೋಗಿ, ಪ್ಲಾಸ್ಟರ್ ಬಡಿದುಕೊಂಡಳು. "ಗೋವಾಕ್ಕ ಬಂದು ಕೆಟ್ಟಾಳ ಆಕಿ. ಪತ್ರ ಬರಿ ಆಕಿಗೆ."

ಪತ್ರ ಬರೆಯಲಿಲ್ಲ. ಮೂವರೂ ನಕ್ಕದ್ದಷ್ಟೇ.

ಆ ಹಾಳೆ ಬಂದದ್ದು ಎರಡನೆಯ ವಾರದಲ್ಲಿ. ಕಾದಂಬರಿಯ ಮನೆಯವರು ಅಂಗಡಿಯ ಮೇಲೆ ಮಾಳಿಗೆ ಕಟ್ಟಿಸುತ್ತಿದ್ದಾರೆ. ಸಿಮೆಂಟಿನ ಬುಟ್ಟಿ ಹೊರುವ ಒಬ್ಬ ಹೆಂಗಸು ಹಿತ್ತಲಿಗೆ ಬಂದು ಕನ್ನಡದಲ್ಲಿ ನೀರು ಕೇಳುತ್ತಾಳೆ. ಪರ ಊರಿನಲ್ಲಿ ತನ್ನ ಮಾತು ಕಿವಿಗೆ ಬಿದ್ದದ್ದಕ್ಕೆ ಅಜ್ಜಿಗೆ ಹಿಗ್ಗೋ ಹಿಗ್ಗು. ಯಾವೂರು, ಯಾರ ಪೈಕಿ ಅಂತ ವಿಚಾರಿಸಿ, ಎರಡು ರೊಟ್ಟಿ, ಗುರೆಳ್ಳ ಪುಡಿ ಕೊಡುತ್ತಾಳೆ. ದಿನಾ ಬಾ ಅನ್ನುತ್ತಾಳೆ. ಇಷ್ಟನ್ನು ನಾನು ಸಂತೋಷದಿಂದ ಹೇಳಿದೆ. ಮಾವಶಿ ಮುಂದೆ ಸರಿದು ಕೂತಳು.

ಹಾಳೆ ತಿರುವಿದೆ. ಕಣ್ಣು ಮುಂದೆ ಓಡಿತು. ನೀರು ಕೊಡುವ ಲೋಟ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇರುತ್ತದೆ. ಅದು ಒಳಗೆ ಬರುವುದಿಲ್ಲ. ಬೇರೆ ಲೋಟಗಳೊಳಗೆ ಬೆರೆಯಬಾರದೆಂದು ಮೊಳೆಯಿಂದ ಒಂದು ಗೀರು ಎಳೆದಿದ್ದಾರೆ. ಒಂದು ದಿನ ಮನೆಯ ಹುಡುಗಿ ಆಟವಾಡಿ ಬಂದು ಆ ಲೋಟದಲ್ಲೇ ನೀರು ಕುಡಿಯುತ್ತಾಳೆ. ಅಜ್ಜಿ ಅವಳ ಕೆನ್ನೆಗೆ ಹೊಡೆಯುತ್ತಾಳೆ. ಬುಟ್ಟಿ ಹೊತ್ತ ಹೆಂಗಸು ಅದನ್ನು ನೋಡುತ್ತ ನಿಂತಿರುತ್ತಾಳೆ. ಮರುದಿನದಿಂದ ನೀರಿಗೆ ಬರುವುದಿಲ್ಲ.

ನಮ್ಮ ಅಂಗಡಿಯಲ್ಲಿ ಚಹಾ ಫ್ಲಾಸ್ಕಿನಲ್ಲಿ ಬರುತ್ತಿತ್ತು. ನನಗೂ ಅವ್ವನಿಗೂ ಸ್ಟೀಲಿನ ಲೋಟ. ಮಾವಶಿಗೆ ಹಸಿರು ಪ್ಲಾಸ್ಟಿಕ್ಕಿನದು. ಅದು ಕರೆಂಟಿನ ಮೀಟರ್ ಡಬ್ಬಿಯ ಹಿಂದೆ ಇರುತ್ತಿತ್ತು. ಚಹಾದ ಹೊತ್ತಿಗೆ ಅವಳೇ ತೆಗೆದುಕೊಂಡು, ತಾನೇ ತೊಳೆದು, ಅಲ್ಲೇ ಇಡುತ್ತಿದ್ದಳು. ನಾನು ವರ್ಷಗಟ್ಟಲೆ ಅದನ್ನು ನೋಡಿದ್ದೆ. ನೋಡಿದ್ದೆ ಅನ್ನುವುದೂ ಸುಳ್ಳು. ಗೋಡೆಯ ಮೇಲಿನ ಮೀಟರ್ ಡಬ್ಬಿಯನ್ನು ಯಾರು ನೋಡುತ್ತಾರೆ?

ಆ ಹಾಳೆಯನ್ನು ಬಿಟ್ಟುಬಿಟ್ಟೆ. "ಮಾಳಿಗಿ ಅರ್ಧ ಆತು. ಆಮ್ಯಾಲೆ ಆಕಿ ನೀರಿಗೆ ಬರೂದು ಬಿಟ್ಟಳು," ಅಂತ ಮುಂದಿನ ಭಾಗಕ್ಕೆ ಜಿಗಿದೆ.

ಮರುದಿನ ನಾನು ಪುಸ್ತಕ ತೆಗೆಯುವ ಮೊದಲೇ ಮಾವಶಿ ಕೇಳಿದಳು.

"ತಂಗೆವ್ವಾ, ನಿನ್ನಿದು ಒಂದು ಕೂಡಲಿಲ್ಲ ನನಗ. ಆ ಬುಟ್ಟಿ ಹೊರಾಕಿ ನೀರಿಗೆ ಬರೂದು ಯಾಕ ಬಿಟ್ಟಳು? ಮಾತಾಡ್ಸೋ ಮಂದಿ, ರೊಟ್ಟಿ ಕೊಡೋ ಮನಿ. ನಾನಾಗಿದ್ರ ಬಿಡತಿದ್ದಿಲ್ಲ."

"ಬೇರೆ ಕಡೆ ಕೆಲಸ ಸಿಕ್ಕಿರಬೇಕು."

"ಅಲ್ಲ, ಮಾಳಿಗಿ ಇನ್ನೂ ಅರ್ಧ ಆಗಿತ್ತಲ್ಲ?"

ಅವ್ವನಿಗೂ ಅನುಮಾನ ಬಂತು. ಲೆಕ್ಕ ತಪ್ಪಿದರೆ ಅವಳು ಬಿಡುವವಳಲ್ಲ. "ಹೌದ ಹೌದ. ಒಂದ್ ಹಾಳಿ ಬಿಟ್ಟಿ ಏನ್ ನೋಡು. ಅವಸರದಾಗ ಎರಡು ಕೂಡಿ ತಿರುವಿರತಿ."

ಇನ್ನೇನು ಮಾಡಲಿ? ಹಿಂದಕ್ಕೆ ಹೋಗಿ ಓದಿದೆ. ಏನೂ ಬಿಡಲಿಲ್ಲ. ಕಟ್ಟೆ, ಗೀರು, ಕೆನ್ನೆಯ ಪೆಟ್ಟು ಎಲ್ಲ ಹೇಳಿದೆ. ಹೇಳುವಾಗ ತಲೆ ಎತ್ತಲಿಲ್ಲ.

ಮೊದಲು ನಕ್ಕದ್ದು ಮಾವಶಿ. ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. "ಅಯ್ಯ, ನನ್ನ ಗಲಾಸೂ ಬಂದೈತೇನು ಪುಸ್ತಕದಾಗ! ಎಂಥಾದ್ದು ಬರದಾಳ? ಯಾತರದ್ದು?"

"ಸ್ಟೀಲಿಂದು," ಅಂದೆ.

"ಸ್ಟೀಲಿಂದು! ಪುಣ್ಯೇವಂತಿ. ನಂದು ಪ್ಲಾಸ್ಟಿಕ್."

ಅವಳ ನಗುವಿನಲ್ಲಿ ಖುಷಿಯೂ ಇತ್ತು. ಅದು ನನಗೆ ಆಗಲೂ ಗೊತ್ತಾಯಿತು, ಈಗಲೂ ಅನ್ನಿಸುತ್ತದೆ. ಅಕ್ಕಿಯ ಡಬ್ಬಿ ಕಂಡು ನಾನು ಲೈಬ್ರರಿಯಲ್ಲಿ ನಕ್ಕಿದ್ದೆನಲ್ಲ, ಅಂಥದೇ ಖುಷಿ. ಆದರೆ ಅವ್ವ ನಗಲಿಲ್ಲ.

"ಅದು ನಮ್ಮ ಅತ್ತಿ ಕಾಲದ ಪದ್ಧತಿ," ಅಂದಳು. ಯಾರನ್ನೂ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದಳು.

"ಅತ್ತ್ಯಾರು ಹೋಗಿ ಹನ್ನೊಂದ್ ವರ್ಷ ಆತಲ್ರಿ ಅಕ್ಕಾರ," ಅಂದಳು ಮಾವಶಿ.

ಅದರಲ್ಲಿ ಸಿಟ್ಟು ಇರಲಿಲ್ಲ. ಯಾರೋ ಗಂಟೆ ಎಷ್ಟು ಅಂತ ಕೇಳಿದ್ದಕ್ಕೆ ಹೇಳಿದ ಹಾಗಿತ್ತು. ಅವ್ವ ಎದ್ದಳು. ಎಡಗೈಯಿಂದಲೇ ಶಟರ್ ಮೇಲಕ್ಕೆ ತಳ್ಳಿದಳು. ಇನ್ನೂ ಮೂರೂ ಆಗಿರಲಿಲ್ಲ. ಬಿಸಿಲು ಒಮ್ಮೆಲೆ ಒಳಗೆ ನುಗ್ಗಿತು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ನಿಂತಿತು.

ಎರಡು ದಿನ ಪುಸ್ತಕದ ಸುದ್ದಿ ಯಾರೂ ತೆಗೆಯಲಿಲ್ಲ. ಮಾವಶಿ ಬಂದು ಕೆಲಸ ಮಾಡಿ, ಬೆನ್ನು ನೋಯಾಕತ್ತೈತಿ ಅಂತ ಹೋಗುತ್ತಿದ್ದಳು. ಅವ್ವ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ನನಗೆ ಬೇರೆ ಸಂಕಟ. ಆ ಹಾಳೆಯನ್ನು ನಾನು ಬಿಟ್ಟದ್ದು ಮಾವಶಿಗೆ ನೋವಾದೀತೆಂಬ ಕಾರಣಕ್ಕೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಖರೆ ಅಲ್ಲ. ಮಾವಶಿಗೆ ಗೊತ್ತಿಲ್ಲದ್ದು ಆ ಹಾಳೆಯಲ್ಲಿ ಏನಿತ್ತು? ನಾನು ಕಾಪಾಡಿದ್ದು ನನ್ನನ್ನೇ. ಪುಸ್ತಕದಲ್ಲಿ ನಮ್ಮವರು ಬಂದರು, ನಮ್ಮ ಮಾತು ಬಂತು ಅಂತ ಕುಣಿದಾಡಿದವಳು ನಾನು. ನಮ್ಮವರು ಬಂದರೆ ಅವರ ಹಿಂದೆಯೇ ನಮ್ಮ ಕಿಟಕಿಯ ಕಟ್ಟೆಯೂ ಬರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ.

ಮೂರನೆಯ ದಿನ ಶುಕ್ರವಾರ, ಮ್ಹಾಪಸಾದ ಸಂತೆ. ಮುಂಜಾನೆ ಗಿರಾಕಿಗಳ ಗದ್ದಲದಲ್ಲಿ ನಾನಿದ್ದಾಗ ಅವ್ವ, "ಈಗ ಬಂದೆ," ಅಂತ ಸಂತೆಯೊಳಗೆ ಹೋದಳು. ಮುಕ್ಕಾಲು ತಾಸಿನ ಮೇಲೆ ಬೆವರು ಸುರಿಸುತ್ತ ಬಂದಳು. ಚೀಲದಲ್ಲಿ ಆರು ಹೊಸ ಸ್ಟೀಲಿನ ಲೋಟಗಳಿದ್ದವು. ಚಹಾದ ಹೊತ್ತಿಗೆ ಮೂರನ್ನು ನನ್ನ ಕೈಲಿ ತೊಳೆಸಿ, ಫ್ಲಾಸ್ಕಿನಿಂದ ಎಡಗೈಯಲ್ಲಿ ತಾನೇ ಚಹಾ ಬಗ್ಗಿಸಿದಳು. ಅರ್ಧ ಚಹಾ ಗಾದಿಯ ಮೇಲೆ ಚೆಲ್ಲಿತು. ಒಂದನ್ನು ಮಾವಶಿಯ ಮುಂದೆ ಇಟ್ಟಳು.

ಮಾವಶಿ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೊಸಾವು ಯಾಕ ತಂದ್ರಿ ಅಕ್ಕಾರ? ಇದ್ದುವು ಚಲೋ ಇದ್ದುವಲ್ಲ."

"ನೆಗ್ಗಿದ್ದುವು," ಅಂದಳು ಅವ್ವ.

ನೆಗ್ಗಿರಲಿಲ್ಲ. ಮೂವರಿಗೂ ಗೊತ್ತಿತ್ತು. ನಾವು ಕುಡಿಯುವ ಲೋಟದಲ್ಲಿ ಕೊಡುವುದು ಅವ್ವನಿಗೆ ಇನ್ನೂ ಸಾಧ್ಯವಾಗಿರಲಿಲ್ಲವೋ, ಇಷ್ಟು ವರ್ಷದ ಮೇಲೆ ಹಳೆಯದನ್ನು ಮುಂದೆ ಇಡಲು ನಾಚಿಕೆಯಾಯಿತೋ, ಇವತ್ತಿಗೂ ನಾನು ಕೇಳಿಲ್ಲ. ಎಪ್ಪತ್ತರ ಹತ್ತಿರ ಬಂದ ಹೆಂಗಸು ಮುರಿದ ಕೈ ಹಿಡಿದು ಶುಕ್ರವಾರದ ಸಂತೆಯೊಳಗೆ ಹೋಗಿ ಬಂದಳಲ್ಲ, ಅದು ನನಗೆ ಸಾಕಾಯಿತು. ಮಾವಶಿಗೆ ಸಾಕಾಯಿತೋ ಇಲ್ಲವೋ, ಅದನ್ನು ನಾನು ಹೇಳಬಾರದು. ಅವಳು ಚಹಾ ಕುಡಿದಳು, ಸಕ್ಕರೆ ಭಾಳ ಆಗೈತಿ ಅಂದಳು, ಆಮೇಲೆ ಬಾಗಿಲ ಹತ್ತಿರದ ಜಾಗ ಬಿಟ್ಟು ಫ್ಯಾನಿನ ಕೆಳಗೆ ಬಂದು ಕೂತಳು.

"ಆ ಹಾಳಿ ತೋರಸು ತಂಗೆವ್ವಾ, ನಾ ಬಂದಿದ್ದು."

ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಬೆರಳು ಇಟ್ಟು ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳಿದಳು. ಎಣಿಸಿ ಹೇಳಿದೆ, ಇಪ್ಪತ್ತಮೂರು ಸಾಲು.

"ಇಷ್ಟನಾ? ಆಮ್ಯಾಲೆ ಆಕಿ ಬರೂದ ಇಲ್ಲ?"

"ಇಲ್ಲ. ಆಮ್ಯಾಲೆ ಆ ಹುಡುಗಿ ಕತಿ ಐತಿ."

"ಹುಡುಗಿ ಕತಿ ಓದು ಹಂಗಾದ್ರ," ಅಂದಳು. ಆದರೆ ಮನಸ್ಸಿಲ್ಲದ ದನಿ.

ಪುಸ್ತಕ ಮುಂದೆ ನಾಲ್ಕೈದು ದಿನಕ್ಕೆ ಮುಗಿಯಿತು. ಅಜ್ಜಿ ಸಾಯುತ್ತಾಳೆ, ದೊಡ್ಡವಳಾದ ಹುಡುಗಿ ಅಂಗಡಿಯ ಕೀಲಿ ಕೈಯಲ್ಲಿ ಹಿಡಿದು ನದಿಯ ದಂಡೆಯಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಕೊನೆ. "ಕೀಲಿ ಹಿಡಕೊಂಡು ನಿಂತರ ಅಂಗಡಿ ಯಾರು ತಗೀತಾರ?" ಅಂತ ಅವ್ವ ಬೈದಳು. ಲೈಬ್ರರಿಗೆ ಹಿಂದಿರುಗಿಸಿ ಬೇರೊಂದು ತಂದೆ. ಅದು ಯಾವುದೋ ಚಳಿ ದೇಶದ್ದು, ಒಂದು ದೊಡ್ಡ ಮನೆ, ತುಂಬ ಮೌನ. ಎರಡನೆಯ ದಿನ ಇಬ್ಬರೂ ಗೊರಕೆ ಹೊಡೆದರು. ಮೊದಲಿನದನ್ನೇ ತಾ ಅಂದರು. ಹೋಗಿ ಕೇಳಿದರೆ, ಅದನ್ನು ಯಾರೋ ಒಯ್ದಿದ್ದರು.

"ಪುಸ್ತಕ ಯಾಕ ಬೇಕು?" ಅಂದಳು ಮಾವಶಿ. "ಬುಟ್ಟಿ ಹೊರಾಕಿದು ಮುಂದಿಂದು ಬರದಾಕಿಗೆ ಗೊತ್ತಿಲ್ಲ. ನನಗ ಗೊತ್ತೈತಿ. ನಾ ಹೇಳ್ತೀನಿ ಕೇಳ್ರಿ."

ಹೇಳಹತ್ತಿದಳು. ಆ ಹೆಂಗಸು ಆ ಮನೆಯಿಂದ ಹೋದವಳು ಗಂಡನ ಕೂಡ ಸಾಂಗೆ ಅನ್ನುವ ಊರಿಗೆ ಹೋದಳು. ಗಣಿಯ ಕೆಲಸ. ಮೈಯೆಲ್ಲ ಕೆಂಪು ಧೂಳು, ಅನ್ನದ ಮೇಲೂ ಕೆಂಪು, ಒಗೆದು ಹಾಕಿದ ಸೀರೆಯೂ ಕೆಂಪು. ಅಲ್ಲಿ ಹೆಣ್ಣು ಹುಟ್ಟಿತು. ಗಣಿ ನಿಂತಿತು. ಗಂಡ ಊರಿಗೆ ಹೋಗೋಣ ಅಂದ, ಇವಳು ಒಲ್ಲೆ ಅಂದಳು. ಒಂದು ಟ್ರಂಕು, ಒಂದು ಸ್ಟೋವು, ಮಗಳು, ಇಷ್ಟನ್ನು ಕಟ್ಟಿಕೊಂಡು ಚಿಂಬಲ್‌ಗೆ ಬಂದಳು. "ಆಕಿ" ಅಂತ ಶುರುವಾದದ್ದು ಎರಡನೆಯ ದಿನಕ್ಕೆ "ನಾ" ಆಯಿತು. ಅವಳಿಗೆ ಅದು ಗೊತ್ತಾಗಲಿಲ್ಲ. ನಾವೂ ತಿದ್ದಲಿಲ್ಲ. ಇಷ್ಟು ವರ್ಷ ದಿನಾ ಬಂದವಳಿಗೆ ಒಬ್ಬ ಮಗಳಿದ್ದಾಳೆಂದು ನಮಗೆ ಗೊತ್ತಿತ್ತು. ಆ ಮಗಳು ಹುಟ್ಟಿದ ದಿನ ಸಾಂಗೆಯಲ್ಲಿ ಹೊಳೆ ಬಂದು ದಾರಿ ಕಟ್ಟಿತ್ತು, ಸೂಲಗಿತ್ತಿ ಇಲ್ಲದೆ, ಪಕ್ಕದ ಗುಡಿಸಲಿನ ಒಬ್ಬ ಕೊಂಕಣಿ ಮುದುಕಿ ಬಂದು ಹೆರಿಗೆ ಮಾಡಿಸಿದಳು ಅನ್ನುವುದು ಗೊತ್ತಿರಲಿಲ್ಲ.

ಜೂನ್ ಬಂತು, ಮಳೆ ಬಂತು, ನನ್ನ ಶಾಲೆ ಶುರುವಾಯಿತು. ಅವ್ವನ ಪ್ಲಾಸ್ಟರ್ ಬಿಚ್ಚಿದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ನೆಟ್ಟಗೆ ಅಂಗಡಿಗೆ ಹೋಗುತ್ತಿದ್ದೆ. ಒಂದು ಶನಿವಾರ ಶಾಲೆಯಲ್ಲಿ ಮೀಟಿಂಗ್ ಇದ್ದು, ಹೋದಾಗ ನಾಲ್ಕು ದಾಟಿತ್ತು. ಶಟರ್ ತೆರೆದಿತ್ತು, ಒಬ್ಬ ಗಿರಾಕಿ ಹೆಂಗಸು ಕೊಡೆ ಮಡಚಿಕೊಂಡು ಖಣ ಕೇಳುತ್ತ ನಿಂತಿದ್ದಳು. ಮಾವಶಿ ಫ್ಯಾನಿನ ಕೆಳಗೆ ಕೂತು ಹೇಳುತ್ತಿದ್ದಳು. ಮಗಳನ್ನು ಶಾಲೆಗೆ ಹಾಕಲು ಹೋದಾಗ ಅಲ್ಲಿಯವರು ಯಾವ ಯಾವ ಕಾಗದ ಕೇಳಿದರು ಅನ್ನುವ ಮಾತು ನಡೆದಿತ್ತು. ಅವ್ವ ಗಜಕೋಲು ಮಡಿಲಲ್ಲಿ ಇಟ್ಟುಕೊಂಡು ಕೇಳುತ್ತಿದ್ದಳು.

"ಬಾಯಿ, ಖಣ ತೋರಸ್ತೀರೇನ್ರಿ?" ಅಂದಳು ಗಿರಾಕಿ.

"ಕೂಡ್ರಿ ಸ್ವಲ್ಪ," ಅಂದಳು ಅವ್ವ, ಅತ್ತ ತಿರುಗದೆ. "ಈಕಿ ಮಗಳ ಹೆಸರು ಸಾಲ್ಯಾಗ ಹಚ್ಚೂದು ನಡದೈತಿ."